ರೆಂಡರ್ ಮಾಡಿದ ಮನೆ ಫೋಟೋದಲ್ಲಿ ಅಂಟಿಸಿದ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ: ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ಹೋಂಸ್ಟೇ ಕಟ್ಟಿಸುವವರಿಗೆ ತ್ರೀಡಿ ಎಲಿವೇಷನ್ ಮಾಡಿಕೊಡುತ್ತಿದ್ದೇನೆ. ಮೊಬೈಲ್‌ನಲ್ಲಿ ಜಾಗದ ಫೋಟೋ ತೆಗೆದು, ಅದರ ಮೇಲೆ ರೆಂಡರ್ ಅನ್ನು, ಅಂದರೆ ತ್ರೀಡಿ ಮಾದರಿಯಿಂದ ಕಂಪ್ಯೂಟರ್ ಮಾಡಿಕೊಟ್ಟ ಚಿತ್ರವನ್ನು, ಕೂರಿಸುತ್ತೇನೆ. ರೆಂಡರ್ ಒಂದನ್ನೇ ನೋಡಿದರೆ ಚೆನ್ನಾಗಿದೆ. ಫೋಟೋದಲ್ಲಿ ಇಟ್ಟ ತಕ್ಷಣ ಸ್ಟಿಕ್ಕರ್ ಅಂಟಿಸಿದ ಹಾಗೆ ಆಗುತ್ತದೆ. ಫೋಟೋಶಾಪ್‌ನಲ್ಲಿ ಏನು ಮಾಡಬೇಕು?

ಉತ್ತರ: ಫೋಟೋಶಾಪ್ ತೆರೆಯುವ ಮೊದಲು ಇನ್ನೊಮ್ಮೆ ತೋಟಕ್ಕೆ ಹೋಗಿ ಬನ್ನಿ. ಇಂಥ ಚಿತ್ರ ಕೆಡುವುದು ಬಹುಪಾಲು ಫೋಟೋ ತೆಗೆಯುವಾಗಲೇ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಯಾವ ಲೆನ್ಸ್, ಗಂಟೆ ಎಷ್ಟು, ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಅನ್ನುವುದು ಗೊತ್ತಿಲ್ಲದೆ ಮಾಡಿದ ರೆಂಡರ್ ಅನ್ನು ಆಮೇಲೆ ಎಷ್ಟು ತಿದ್ದಿದರೂ ಅದು ಆ ಜಾಗದ್ದು ಅನ್ನಿಸುವುದಿಲ್ಲ.

ತ್ರೀಡಿ ಸಾಫ್ಟ್‌ವೇರ್ ಸ್ಕೆಚಪ್‌ನಲ್ಲಿರುವ ಮ್ಯಾಚ್ ಫೋಟೋ, ಇನ್ನೊಂದು ತ್ರೀಡಿ ಸಾಫ್ಟ್‌ವೇರ್ ಬ್ಲೆಂಡರ್ ಬಳಸುವವರಿಗೆ ಉಚಿತವಾಗಿ ಸಿಗುವ ಎಫ್‌ಸ್ಪೈ, ಎರಡೂ ಫೋಟೋದಲ್ಲಿರುವ ಸಮಾನಾಂತರ ಗೆರೆಗಳನ್ನು ನೋಡಿ ಕ್ಯಾಮೆರಾ ಎಲ್ಲಿತ್ತು ಅಂತ ಲೆಕ್ಕ ಹಾಕುತ್ತವೆ. ಪೇಟೆಯ ಬೀದಿಯಲ್ಲಿ ಅಂಥ ಗೆರೆಗಳಿಗೆ ಬರವಿಲ್ಲ. ಕಾಫಿ ತೋಟದಲ್ಲಿ ಒಂದಾದರೂ ನೇರ ಗೆರೆ ಇರುತ್ತದಾ? ನಾವೇ ಮಾಡಿಕೊಳ್ಳಬೇಕು. ಪಾಯ ತೆಗೆಯುವ ಮುಂಚೆ ಹೇಗೂ ಮಾರ್ಕಿಂಗ್ ಮಾಡುತ್ತೀರಿ, ಅದನ್ನು ಈಗಲೇ ಮಾಡಿ. ನಾಲ್ಕು ಗೂಟ ಹೊಡೆದು, ನೀರಿನ ಪೈಪ್‌ನಿಂದ ಮಟ್ಟ ನೋಡಿ ದಾರ ಕಟ್ಟಿ. ಎದುರು ಬದುರಿನ ದಾರಗಳು ಸಮ ಇದ್ದು, ಎರಡೂ ಕರ್ಣವೂ ಸಮ ಬಂದರೆ ಮೂಲೆ ಸರಿ ಇದೆ ಅಂತ ಅರ್ಥ. ಮಲೆನಾಡಿನ ಜಾಗ ಇಳಿಜಾರು, ಹಾಗಾಗಿ ನೆಲದ ಮೇಲೆ ಸುಣ್ಣದ ಗೆರೆ ಎಳೆದರಷ್ಟೇ ಸಾಲದು, ದಾರವೇ ಮಟ್ಟವಾಗಿರಬೇಕು. ಮೂಲೆಯೊಂದರಲ್ಲಿ ಅಡಿ ಅಡಿಗೆ ಬಣ್ಣ ಹಚ್ಚಿದ ಕೋಲನ್ನು ನೆಟ್ಟಗೆ ನಿಲ್ಲಿಸಿ. ಎತ್ತರದ ಅಳತೆ ಅದರಿಂದ ಸಿಗುತ್ತದೆ, ಬಿಸಿಲು ಯಾವ ಕಡೆಯದು ಅಂತ ಅದರ ನೆರಳು ಹೇಳುತ್ತದೆ.

ಮೊಬೈಲ್‌ನ ಮುಖ್ಯ ಲೆನ್ಸ್ ಸಾಮಾನ್ಯವಾಗಿ ಫುಲ್ ಫ್ರೇಮ್ ಕ್ಯಾಮೆರಾದ 24ರಿಂದ 26 ಮಿಲಿಮೀಟರ್ ಲೆನ್ಸ್‌ಗೆ ಸಮ. ಅಲ್ಟ್ರಾ ವೈಡ್ ಬೇಡ, ಅಂಚಿನಲ್ಲಿ ಎಲ್ಲವೂ ಎಳೆದ ಹಾಗೆ ಬರುತ್ತದೆ. ಫೋಟೋವನ್ನು ಕ್ರಾಪ್ ಮಾಡದೆ ಮ್ಯಾಚ್ ಮಾಡಿ. ಕ್ರಾಪ್ ಮಾಡಿದರೆ ಚಿತ್ರದ ನಡುವಿನ ಬಿಂದು ಸರಿದು ಲೆಕ್ಕ ತಪ್ಪುತ್ತದೆ.

ಇನ್ನು ಬಿಸಿಲಿನ ವಿಷಯ. ಯುರೋಪ್, ಅಮೆರಿಕದ ಟ್ಯುಟೋರಿಯಲ್ ನೋಡಿ ಕಲಿತವರಿಗೆ ಇಲ್ಲೇ ಜಾಸ್ತಿ ಎಡವಟ್ಟಾಗುವುದು. ಅಲ್ಲಿ ದಕ್ಷಿಣದ ಗೋಡೆ ಅಂದರೆ ಬಿಸಿಲಿನ ಗೋಡೆ. ಚಿಕ್ಕಮಗಳೂರು ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ಇಡೀ ದಿನ ನಮ್ಮ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ನೇರ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. 10 ಅಡಿ ಗೋಡೆಗೆ ಏಳೂವರೆ ಅಡಿ ನೆರಳು. ಇನ್ನೊಂದು ಸಂಗತಿ ಇದೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಚಿಕ್ಕಮಗಳೂರು ಅದಕ್ಕಿಂತ ಪಶ್ಚಿಮದಲ್ಲಿದೆ. ಹೀಗಾಗಿ ಸೂರ್ಯ ನೆತ್ತಿಯ ಕಡೆ ಬರುವುದು 12 ಗಂಟೆಗಲ್ಲ, ಸರಾಸರಿ 12.27ಕ್ಕೆ. ರೆಂಡರ್ ಸಾಫ್ಟ್‌ವೇರ್‌ನಲ್ಲಿ ಊರು, ತಾರೀಖು, ಟೈಮ್ ಝೋನ್ 5.30 ಎಲ್ಲವನ್ನೂ ನೀವೇ ಹಾಕಿ. ಫೋಟೋ ತೆಗೆದ ಗಂಟೆ, ನಿಮಿಷ ಫೈಲ್‌ನಲ್ಲೇ ಬರೆದಿರುತ್ತದೆ. ಆಮೇಲೆ ಕೋಲಿನ ನೆರಳಿಗೂ ರೆಂಡರ್‌ನ ನೆರಳಿಗೂ ತಾಳೆ ಹಾಕಿ ನೋಡಿ.

ಜಾಗ ಸಿಲ್ವರ್ ಓಕ್ ಮರಗಳ ಅಡಿಯಲ್ಲಿದ್ದರೆ ಮನೆ ಮೇಲೆ ಪೂರ್ತಿ ಬಿಸಿಲು ಹೇಗೆ ಬೀಳುತ್ತದೆ? ಎಲೆಗಳ ಸಂದಿಯಿಂದ ತುಣುಕು ತುಣುಕಾಗಿ ಬೀಳಬೇಕು, ಅಲ್ವಾ? ಅದಕ್ಕೆ ತ್ರೀಡಿ ಮಾದರಿಯಲ್ಲೂ ಅದೇ ಜಾಗದಲ್ಲಿ ಮರಗಳನ್ನು ನಿಲ್ಲಿಸಿ. ಅವು ಕ್ಯಾಮೆರಾಗೆ ಕಾಣದೆ ನೆರಳು ಮಾತ್ರ ಬೀಳುವ ಹಾಗೆ ಬ್ಲೆಂಡರ್‌ನಲ್ಲಿ ಮಾಡಬಹುದು. ಮಳೆಗಾಲದ ಫೋಟೋ ಆದರೆ ಬಿಸಿಲನ್ನೇ ತೆಗೆದುಹಾಕಿ, ಮೋಡದ ಆಕಾಶದ ಎಚ್‌ಡಿಆರ್‌ಐ (ಸುತ್ತಲಿನ ಬೆಳಕನ್ನು ಹಿಡಿದಿಟ್ಟ ಫೋಟೋ) ಹಾಕಿ. ಪಾಲಿ ಹೇವನ್ ಅನ್ನುವ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನೆಲಕ್ಕೆ ಅಲ್ಲಿಯ ಮಣ್ಣಿನ ಬಣ್ಣವನ್ನೇ ಕೊಡಿ. ಬಿಳಿ ಗೋಡೆಯ ಬುಡಕ್ಕೆ ಕೆಂಪು ಛಾಯೆ ತಾನಾಗಿ ಬರುತ್ತದೆ.

ಇಷ್ಟಾದ ಮೇಲೆ ಫೋಟೋಶಾಪ್ ತೆರೆಯಿರಿ. ಅದರಂಥದೇ ಉಚಿತ ಸಾಫ್ಟ್‌ವೇರ್ ಜಿಂಪ್ ಆದರೂ ಆಗುತ್ತದೆ.

ನೀವು ಹೇಳಿದ ಸ್ಟಿಕ್ಕರ್ ಗುಣಕ್ಕೆ ದೊಡ್ಡ ಕಾರಣ ಕಪ್ಪು. ದೂರ ಹೋದ ಹಾಗೆ ಗಾಳಿಯ ತೇವ, ದೂಳು, ಮಂಜು ಸೇರಿ ಕಪ್ಪನ್ನು ಬೂದು ಮಾಡುತ್ತವೆ. ನಮ್ಮ ಕಡೆ ಇದು ಇನ್ನೂ ಜಾಸ್ತಿ. ಮುಳ್ಳಯ್ಯನಗಿರಿ ಕಡೆ ಕ್ಯಾಮೆರಾ ತಿರುಗಿಸಿದರೆ ಬೆಳಗ್ಗೆ ಹತ್ತಿರದ ಗುಡ್ಡ ಹಸಿರು, ಅದರ ಹಿಂದಿನದು ನೀಲಿ, ಅದರಾಚೆಯದು ಬರೀ ಬೂದು. ರೆಂಡರ್‌ಗೆ ಈ ಗಾಳಿ ಇಲ್ಲ. ಅದರ ಕಪ್ಪು ಕಡುಗಪ್ಪಾಗಿಯೇ ಇರುತ್ತದೆ. ಫೋಟೋದಲ್ಲಿ ಮನೆ ಬರುವಷ್ಟೇ ದೂರದಲ್ಲಿರುವ ಕಾಫಿ ಗಿಡವೊಂದನ್ನು ಹುಡುಕಿ. ಅದರ ಬುಡದ ಅತಿ ಕತ್ತಲ ಜಾಗದ ಮೇಲೆ ಮೌಸ್ ಇಟ್ಟು ಇನ್ಫೋ ಪ್ಯಾನೆಲ್ ನೋಡಿ. ಅಲ್ಲಿ ಕೆಂಪು, ಹಸಿರು, ನೀಲಿ ಮೂರೂ (0 ಅಂದರೆ ಕಡುಗಪ್ಪು, 255 ಅಂದರೆ ಪೂರ್ತಿ ಬಿಳಿ) 40ರ ಆಸುಪಾಸಿನಲ್ಲಿದ್ದು, ನಿಮ್ಮ ಜಗುಲಿಯ ಒಳಗಿನ ಕತ್ತಲು 5 ತೋರಿಸಿದರೆ ಕಣ್ಣಿಗೆ ಮೋಸ ಗೊತ್ತಾಗದೆ ಇರುತ್ತದಾ? ರೆಂಡರ್ ಲೇಯರ್‌ಗೆ ಮಾತ್ರ ತಾಗುವ ಹಾಗೆ ಒಂದು ಕರ್ವ್ಸ್ (ಕತ್ತಲು ಬೆಳಕನ್ನು ಏರಿಳಿಸುವ ಗೆರೆ) ಹಾಕಿ, ಗೆರೆಯ ಎಡಗಡೆಯ ಕೆಳತುದಿಯನ್ನು ಮೇಲೆತ್ತಿ. ಮಂಜಿದ್ದರೆ ನೀಲಿ ಚಾನೆಲ್‌ನಲ್ಲಿ ಇನ್ನೂ ಸ್ವಲ್ಪ ಮೇಲೆತ್ತಿ. ಬೇರೇನನ್ನೂ ಮಾಡಲು ಪುರುಸೊತ್ತಿಲ್ಲ ಅಂದರೂ ಇದೊಂದನ್ನು ಮಾಡಿ. ಬಣ್ಣ ತಿದ್ದಲು ಗಂಟೆಗಟ್ಟಲೆ ಕೂರುವುದಕ್ಕಿಂತ ಇದರ ಫಲ ದೊಡ್ಡದು.

ಮನೆ ನೆಲ ಮುಟ್ಟುವ ಜಾಗ ಆಮೇಲಿನದು. ಬ್ಲೆಂಡರ್‌ನ ಶ್ಯಾಡೋ ಕ್ಯಾಚರ್ ನೆರಳನ್ನಷ್ಟೇ ಬೇರೆ ತೆಗೆದುಕೊಡುತ್ತದೆ. ಅದನ್ನು ಕೆಳಗಿನ ಫೋಟೋವನ್ನು ಕಪ್ಪಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ಕೂರಿಸಿ, ಅದರ ಬಣ್ಣವನ್ನು ಫೋಟೋದ ನೆರಳಿನಿಂದಲೇ ಎತ್ತಿಕೊಳ್ಳಿ. ಗೋಡೆಯ ಬುಡದ ಗೆರೆ ಚಾಕುವಿನಲ್ಲಿ ಕೊಯ್ದ ಹಾಗೆ ಇರಬಾರದು. ಲೇಯರ್‌ನ ಭಾಗಗಳನ್ನು ಮರೆಮಾಡುವ ಮಾಸ್ಕ್‌ನಲ್ಲಿ ಹುಲ್ಲಿನ ಆಕಾರದ ಬ್ರಷ್ ಆಡಿಸಿ ಅಲ್ಲಲ್ಲಿ ಫೋಟೋದ ಹುಲ್ಲನ್ನು ಗೋಡೆ ಮುಂದೆ ತನ್ನಿ.

ಹುಲ್ಲಷ್ಟೇ ಅಲ್ಲ, ಫೋಟೋದ ಇನ್ನೂ ಏನಾದರೂ ಮನೆಯ ಮುಂದೆ ಬರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1921ರಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಬರ್ಲಿನ್‌ನ ಫ್ರೀಡ್ರಿಕ್‌ಸ್ಟ್ರಾಸೆ ಬೀದಿಗೆ ಯೋಚಿಸಿದ ಗಾಜಿನ ಕಟ್ಟಡವನ್ನು ಬೀದಿಯ ಫೋಟೋದಲ್ಲಿ ಕೂರಿಸಿ ತೋರಿಸಿದರು. ಆ ಕಟ್ಟಡ ಎದ್ದೇಳಲಿಲ್ಲ. ಆದರೆ ಮುಂದೆ ಕಪ್ಪಗೆ ನಿಂತ ಹಳೆಯ ಕಟ್ಟಡಗಳ ನಡುವೆ ಅದು ಇಂದಿಗೂ ನಿಜವಾಗಿ ಅಲ್ಲಿದ್ದ ಹಾಗೆ ಕಾಣುತ್ತದೆ. ನಿಮ್ಮ ತೋಟದಲ್ಲಿ ಒಂದು ಕಾಫಿ ಕೊಂಬೆಯೋ, ಮೆಣಸಿನ ಬಳ್ಳಿ ಹಬ್ಬಿದ ಮರವೋ ಸಾಕು. ಹಸಿರಿನ ಮೇಲಿನ ಹಸಿರು ಎಲೆಯನ್ನು ಕತ್ತರಿಸುವುದು ಕಷ್ಟ. ಅದಕ್ಕೆ ಜಾಗದಲ್ಲೇ ಉಪಾಯ ಮಾಡಿ. ಮೊಬೈಲ್ ಸ್ಟ್ಯಾಂಡ್ ಕದಲಿಸದೆ, ಕೊಂಬೆಯ ಹಿಂದೆ ಬಿಳಿ ಪಂಚೆ ಹಿಡಿಸಿ ಇನ್ನೊಂದು ಫೋಟೋ ತೆಗೆಯಿರಿ. ಗಾಳಿ ಇಲ್ಲದ ಹೊತ್ತು ನೋಡಿಕೊಳ್ಳಿ. ಅದರ ನೀಲಿ ಚಾನೆಲ್‌ನಲ್ಲಿ ಎಲೆ ಕಪ್ಪಗೆ, ಪಂಚೆ ಬೆಳ್ಳಗೆ ಕಾಣುತ್ತದೆ. ಲೆವೆಲ್ಸ್‌ನಲ್ಲಿ ಇನ್ನಷ್ಟು ಎಳೆದರೆ ಮಾಸ್ಕ್ ಸಿದ್ಧ.

ಕಿಟಕಿ ಗಾಜಿನಲ್ಲಿ ಕಾಣಬೇಕಾದದ್ದು ಎದುರಿನ ತೋಟ, ಹಾಗಾಗಿ ಹಿಂದೆ ತಿರುಗಿಯೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ರೆಂಡರ್ ಅಂಚಿನಲ್ಲಿ ಬಿಳಿ ಗೆರೆ ಉಳಿದರೆ ಫೋಟೋಶಾಪ್‌ನ ಮ್ಯಾಟಿಂಗ್ ಮೆನುವಿನ ಡಿಫ್ರಿಂಜ್ ಅದನ್ನು ತೆಗೆಯುತ್ತದೆ. ಮೊಬೈಲ್ ಫೋಟೋದಷ್ಟೇ ಕಾಳು ಕಾಳಾದ ನಾಯ್ಸ್ ಅನ್ನು ರೆಂಡರ್‌ಗೂ ಸೇರಿಸಿ, ಒಂದು ಚೂರು ಬ್ಲರ್ ಕೊಡಿ. ಕೊನೆಗೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ಕಪ್ಪು ಬಿಳುಪಿನಲ್ಲಿ ನೋಡಿ. ಬಣ್ಣದಲ್ಲಿ ಅಡಗಿದ್ದ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತದೆ.

ಚಿತ್ರ ಚೆಂದ ಆಗಲಿ ಅಂತ ಕರೆಂಟ್ ಕಂಬ ಅಳಿಸುವುದು, ಕಡಿಯಲಿರುವ ಮರವನ್ನು ಉಳಿಸಿ ತೋರಿಸುವುದು ಬೇಡ. ತೋಟದವರು ಈ ಚಿತ್ರ ನೋಡಿಯೇ ಲಕ್ಷಗಟ್ಟಲೆ ದುಡ್ಡು ಹಾಕುತ್ತಾರೆ. ಮುಂದೆ ಬೇಲೂರು, ಹಳೇಬೀಡಿನ ಕೆಲಸ ಬಂದರೆ ಇನ್ನೂ ಹುಷಾರಾಗಿರಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ದೇವಸ್ಥಾನದ ಪಕ್ಕ ನಿಮ್ಮ ಕಟ್ಟಡ ಎಷ್ಟು ಎತ್ತರ ಕಾಣುತ್ತದೆ ಅನ್ನುವುದನ್ನು ಅಲ್ಲಿ ಕಣ್ಣಂದಾಜಿನಲ್ಲಿ ಕೂರಿಸಬೇಡಿ. ಅಳತೆ ಕೋಲು ನಿಲ್ಲಿಸಿ ಫೋಟೋ ತೆಗೆಯಿರಿ, ಆ ಖಾಲಿ ಫೋಟೋವನ್ನೂ ಕಟ್ಟಡ ಕೂರಿಸಿದ ಚಿತ್ರದ ಜೊತೆಗೇ ಕೊಡಿ.