ಚಾರ್ಲಿ ವಾಟ್ಸ್ ಬಾರಿಸಿದ್ದು ಸಾದಾ ತಾಳ ಅಲ್ವಾ, ಅಷ್ಟೊಂದು ಮರುಗೋದು ಯಾಕೆ?

ಪ್ರಶ್ನೆ: ಆಗಸ್ಟ್ ಬಂತೆಂದರೆ ನನ್ನ ತಮ್ಮ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ಅವರ ಹಾಡುಗಳನ್ನೇ ಹಚ್ಚಿಕೊಂಡು ಕೂಡ್ತಾನೆ. ಅವರು ತೀರಿಕೊಂಡ ದಿನ ಅಂತೂ ಊಟಾನೂ ಸರಿಯಾಗಿ ಮಾಡಿರಲಿಲ್ಲ. ನನಗೆ ಕೇಳಿಸೋದು ಸಾದಾ ತಾಳ. ಡ್ರಮ್ ಕ್ಲಾಸಿಗೆ ಹೋಗೋ ನನ್ನ ಮಗನೂ ಅಷ್ಟು ಬಾರಿಸ್ತಾನೆ. ಹಾಡಿದವರಲ್ಲ, ಗಿಟಾರ್ ನುಡಿಸಿದವರೂ ಅಲ್ಲ. ಹಿಂದೆ ಕೂತು ಬಾರಿಸಿದವರಿಗೆ ಜನ ಇಷ್ಟು ಮರುಗೋದು ಯಾಕೆ?
(ಹುಬ್ಬಳ್ಳಿಯ ಓದುಗರು)

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ತುಂಬಾ ಜನ ಕೇಳುತ್ತಾರೆ. ನಿಮ್ಮ ಮಗ ಅಷ್ಟು ಬಾರಿಸ್ತಾನೆ ಅನ್ನೋದು ನಿಜವೇ ಇರಬೇಕು. ರಾಕ್ ಸಂಗೀತದ ಮೂಲ ತಾಳ ಕಲಿಯಲು ಬಹಳ ದಿನ ಬೇಕಿಲ್ಲ. ನಾಲ್ಕು ಎಣಿಕೆ. ಒಂದು ಮತ್ತು ಮೂರಕ್ಕೆ ಬಲಗಾಲಿನಿಂದ ದೊಡ್ಡ ಡ್ರಮ್. ಎರಡು ಮತ್ತು ನಾಲ್ಕಕ್ಕೆ ಎಡಗೈಯಿಂದ ಸ್ನೇರ್ ಎಂಬ ಚಟ್ಟನೆ ಸದ್ದಿನ ಚಿಕ್ಕ ಡ್ರಮ್. ಬಲಗೈ ಮಾತ್ರ ಹೈ-ಹ್ಯಾಟ್ ಮೇಲೆ, ಅಂದರೆ ಸ್ಟ್ಯಾಂಡಿಗೆ ಸಿಕ್ಕಿಸಿದ ಜೋಡಿ ತಟ್ಟೆಗಳ ಮೇಲೆ, ಬಿಡದೆ ಎಂಟು ಪೆಟ್ಟು ಹಾಕುತ್ತಾ ಇರಬೇಕು.

ಚಾರ್ಲಿ ಎಂಟು ಹಾಕುತ್ತಿರಲಿಲ್ಲ. ಎಡಗೈ ಸ್ನೇರ್ ಮೇಲೆ ಬೀಳುವ ಹೊತ್ತಿಗೆ ಬಲಗೈಯನ್ನು ತಟ್ಟೆಯಿಂದ ಮೇಲೆತ್ತಿಬಿಡುತ್ತಿದ್ದರು. ಎರಡು ಮತ್ತು ನಾಲ್ಕನೇ ಎಣಿಕೆಯಲ್ಲಿ ತಟ್ಟೆ ಸುಮ್ಮನಿರುತ್ತಿತ್ತು. ಎಂಟರಲ್ಲಿ ಎರಡು ಪೆಟ್ಟು ಹೋಯಿತು, ಆರು ಉಳಿಯಿತು. ಹಾಗಾಗಿ ಸ್ನೇರ್ ಪೆಟ್ಟು ಒಂದೇ ಒಂದು, ಮೈಮೇಲೆ ಏನೂ ಇಲ್ಲದೆ, ನೇರವಾಗಿ ಕಿವಿಗೆ ಬರುತ್ತದೆ. ವಿಡಿಯೋದಲ್ಲಿ ಅವರ ಬಲಗೈ ಒಂದನ್ನೇ ನೋಡಿ. ಪ್ರತಿ ಸಲ ಆ ಕೈ ಚೂರು ಮೇಲೆದ್ದು, ಗಾಳಿಯಲ್ಲಿ ನಿಂತು, ಮತ್ತೆ ಇಳಿಯುತ್ತದೆ. ನಿಮ್ಮ ಮಗನಿಗೂ ನಿಧಾನ ಲಯದಲ್ಲಿ ಹೀಗೆ ಬಾರಿಸಿ ನೋಡಲು ಹೇಳಿ. ಎಂಟು ಪೆಟ್ಟು ರೂಢಿಯಾದ ಕೈಗೆ ಆರು ಹಾಕುವುದು ಕಷ್ಟ. ಕೈ ತಾನಾಗಿಯೇ ಇಳಿದುಬಿಡುತ್ತದೆ.

ಇನ್ನೊಂದು ವಿಷಯವನ್ನು ತಂಡದ ಹಿಂದಿನ ಬೇಸ್ ಗಿಟಾರ್ ವಾದಕ ಬಿಲ್ ವೈಮನ್ ವಿವರಿಸಿದ್ದಾರೆ. ಬೇರೆ ರಾಕ್ ತಂಡಗಳಲ್ಲಿ ಎಲ್ಲರೂ ಡ್ರಮ್ಮರ್ ಬೆನ್ನು ಹಿಡಿದು ಹೋಗುತ್ತಾರೆ. ರೋಲಿಂಗ್ ಸ್ಟೋನ್ಸ್‌ನಲ್ಲಿ ಉಲ್ಟಾ. ಕೀತ್ ರಿಚರ್ಡ್ಸ್ ಗಿಟಾರ್ ಮುಂದೆ, ಚಾರ್ಲಿಯ ಡ್ರಮ್ ಕೂದಲೆಳೆಯಷ್ಟು ಹಿಂದೆ. ಆ ತಂಡದ ಹಾಡುಗಳಲ್ಲಿ ಏನೋ ಒಂದು ತೂಗಾಟ ಇದೆ ಅನಿಸುತ್ತಲ್ಲ, ಅದಕ್ಕೆ ಇದೂ ಒಂದು ಕಾರಣ. 1969ರ ‘ಹಾಂಕಿ ಟಾಂಕ್ ವಿಮೆನ್’ ಕೇಳಿ. ಮೊದಲು ನಿರ್ಮಾಪಕ ಜಿಮ್ಮಿ ಮಿಲ್ಲರ್ ಹೊಡೆಯುವ ಕೌಬೆಲ್ (ದನದ ಕೊರಳ ಗಂಟೆಯಂಥ ವಾದ್ಯ) ಶಬ್ದ, ಆಮೇಲೆ ಚಾರ್ಲಿ ಡ್ರಮ್. ಹಾಡು ಮುಗಿಯುವ ಹೊತ್ತಿಗೆ ಲಯ ಶುರುವಿನಲ್ಲಿದ್ದಷ್ಟೇ ಇರುವುದಿಲ್ಲ, ಚೂರು ಏರಿರುತ್ತದೆ. ಮಷೀನು ಹಾಗೆ ಮಾಡುವುದಿಲ್ಲ. ನನಗೆ ಆ ಹಾಡು ಇಷ್ಟವಾಗೋದು ಅದರಿಂದಲೇ.

ನಮ್ಮ ಭಾಗದವರಿಗೆ ಇದು ಹೊಸದಾಗಬಾರದು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಸಂಗೀತಕ್ಕೆ ಕೂತಿದ್ದರೆ ನೀವೂ ಕೇಳಿರುತ್ತೀರಿ. ಅವರದೇ ಗಾಯನ ಪರಂಪರೆಯಾದ ಕಿರಾನಾ ಘರಾಣೆಯ ಗಾಯಕರು ವಿಲಂಬಿತ್ (ತೀರಾ ನಿಧಾನದ) ಏಕತಾಲದಲ್ಲಿ ರಾಗ ಬೆಳೆಸುತ್ತಾ ಹೋಗುತ್ತಾರೆ. ತಬಲಾದವರ ಕೆಲಸ ಠೇಕಾ, ಅಂದರೆ ತಾಳದ ಮೂಲ ಪೆಟ್ಟುಗಳ ಸಾಲು, ಹಿಡಿಯುವುದು ಅಷ್ಟೇ. ಧಿನ್ ಧಿನ್ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧಿನ್ ನಾ. ಹನ್ನೆರಡು ಮಾತ್ರೆ. ಅದನ್ನೇ ಮತ್ತೆ ಮತ್ತೆ, ಒಂದೊಂದು ಮಾತ್ರೆಗೂ ಮಧ್ಯೆ ಬೇಕಾದಷ್ಟು ಜಾಗ ಬಿಟ್ಟು. ಕೈ ತುರಿಸಿದರೂ ತುಂಬಿಸುವಂತಿಲ್ಲ. ಠೇಕಾ ಕೆಟ್ಟರೆ ಗಾಯಕರು ಸಮ್ಮಿಗೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬಂದು ಕೂಡುವುದೆಲ್ಲಿ? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಊರೂರಲ್ಲಿ ಸಾಥ್ (ಪಕ್ಕವಾದ್ಯ) ಕೊಡುವ ತಬಲಾದವರನ್ನು ಕೇಳಿ ನೋಡಿ. ಸೋಲೋ ಬಾರಿಸೋದಕ್ಕಿಂತ ಒಳ್ಳೆ ಸಾಥ್ ಕೊಡೋದು ಏನು ಕಡಿಮೆ ಕೆಲಸ ಅಲ್ಲ ಅಂತ ಹೇಳುತ್ತಾರೆ. ಚಾರ್ಲಿ ಮಾಡಿದ್ದೂ ಸಾಥ್ ಕೊಡುವ ಕೆಲಸವೇ. ಅದನ್ನು 1963ರಿಂದ 58 ವರ್ಷ, ಒಂದೇ ತಂಡಕ್ಕೆ ಮಾಡಿದರು.

ಅವರ ಮನಸ್ಸು ಇದ್ದದ್ದು ಜಾಝ್ ಮೇಲೆ. 1941ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಬ್ಯಾಂಜೊ ಕೊಂಡರು, ನುಡಿಸಲು ಸೇರಲಿಲ್ಲ. ಅದರ ಕತ್ತು ಬಿಚ್ಚಿ ತೆಗೆದು, ದುಂಡನೆಯ ಭಾಗವನ್ನು ಸ್ಟ್ಯಾಂಡಿನ ಮೇಲಿಟ್ಟು ಬ್ರಷ್‌ನಲ್ಲಿ ಬಾರಿಸಲು ಶುರುಮಾಡಿದರು. ಆಮೇಲೆ ಅಪ್ಪ-ಅಮ್ಮ ಡ್ರಮ್ ಸೆಟ್ ಕೊಡಿಸಿದರು. ಜಾಹೀರಾತು ಕಂಪನಿಯಲ್ಲಿ ಚಿತ್ರಗಾರರಾಗಿ ಕೆಲಸಕ್ಕಿದ್ದರು. ಮುಂದೆ ದೊಡ್ಡ ದೊಡ್ಡ ಸ್ಟೇಡಿಯಂಗಳಲ್ಲಿ ಬಾರಿಸುವಾಗಲೂ ಅವರದು ಸಣ್ಣ ಸೆಟ್, ನಾಲ್ಕು ಡ್ರಮ್ಮು, ಕೆಲವೇ ತಟ್ಟೆ. ಎಡಗೈಯಲ್ಲಿ ಕೋಲು ಹಿಡಿಯುತ್ತಿದ್ದದ್ದೂ ಹಳೇ ಜಾಝ್ ವಾದಕರ ರೀತಿಯಲ್ಲೇ. ತಂಡದ ಜೊತೆ ಊರೂರು ಸುತ್ತುವಾಗ ಮಲಗಿದ ಪ್ರತಿ ಹೋಟೆಲಿನ ಹಾಸಿಗೆಯ ಚಿತ್ರ ಬರೆದಿಡುತ್ತಿದ್ದರು. 1964ರಲ್ಲಿ ಶರ್ಲಿ ಅವರನ್ನು ಮದುವೆಯಾದರು, ಕೊನೆಯವರೆಗೂ ಅದೇ ಸಂಸಾರ. ರಾಕ್ ತಾರೆಯರ ಲೋಕದಲ್ಲಿ ಇದೆಲ್ಲ ಸಣ್ಣ ಮಾತಲ್ಲ. ಅಭಿಮಾನಿಗಳು ಇಂಥವನ್ನೆಲ್ಲ ಪ್ರೀತಿಯಿಂದ ಎತ್ತಿಟ್ಟುಕೊಂಡಿದ್ದಾರೆ.

ಎಲ್ಲ ಡ್ರಮ್ಮರುಗಳನ್ನೂ ಜನ ಇದೇ ಕಾರಣಕ್ಕೆ ಪ್ರೀತಿಸುವುದಿಲ್ಲ ಅನ್ನೋದನ್ನೂ ಹೇಳಬೇಕು. ಕೆನಡಾದ ರಷ್ ತಂಡದ ನೀಲ್ ಪಿಯರ್ಟ್ 2020ರ ಜನವರಿ 7ರಂದು ಮೆದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಸುತ್ತ ಡ್ರಮ್ಮುಗಳ ಕೋಟೆಯೇ ಇರುತ್ತಿತ್ತು. ತಂಡದ ಹೆಚ್ಚಿನ ಹಾಡುಗಳ ಸಾಹಿತ್ಯವೂ ಅವರದೇ. ಅವರ ಅಭಿಮಾನಿಗಳು ಒಂದೊಂದು ಪೆಟ್ಟನ್ನೂ ಬಾಯಿಪಾಠ ಮಾಡಿ, ಗಾಳಿಯಲ್ಲೇ ಕೈ ಬೀಸಿ ಬಾರಿಸುತ್ತಾರೆ. ಅದೂ ದೊಡ್ಡ ವಿದ್ಯೆಯೇ. ಆದರೆ ಅದರ ಕಷ್ಟ ಎದುರಿಗೇ ಕಾಣುತ್ತದೆ, ಯಾರೂ ನಿಮ್ಮ ಹಾಗೆ ಪ್ರಶ್ನೆ ಕೇಳುವುದಿಲ್ಲ.

ಧಾರವಾಡದ ಮಾಳಮಡ್ಡಿಯಲ್ಲಿ ನನಗೆ ಗೊತ್ತಿರುವ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರು, ನಾವೆಲ್ಲ ಕಾಕಾ ಅಂತೀವಿ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ರಾತ್ರಿ ರೈಲು ಹತ್ತಿ ಹೋಗಿ ಕೇಳಿ ಬಂದವರು. ಚಾರ್ಲಿ ತೀರಿಕೊಂಡ ಸುದ್ದಿ ಬಂದ ಮರುದಿನ ಅವರ ಮನೆಗೆ ಹೋಗಿದ್ದೆ. ಟೇಪ್ ರೆಕಾರ್ಡರ್‌ನಲ್ಲಿ ಹಳೇ ಕ್ಯಾಸೆಟ್ ಹಚ್ಚಿದ್ದರು. ಮಾತಿಲ್ಲ. ಬಲಗೈ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕುತ್ತಿತ್ತು. ಎರಡನೇ ಎಣಿಕೆಗೆ ಬೆರಳು ಮೇಲೆದ್ದು ನಿಂತಿತು. ನಾಲ್ಕಕ್ಕೆ ಮತ್ತೆ ನಿಂತಿತು. “ಹೈ-ಹ್ಯಾಟ್ ಬಿಡೋದನ್ನ ನೋಡಿ ಕಲ್ತೀರೇನ್ರಿ ಕಾಕಾ?” ಅಂದೆ. “ಏನ್ ಬಿಡೂದೋ? ನಂಗೇನ್ ಗೊತ್ತಪಾ, ಹಾಡು ಹಂಗ ಐತಿ” ಅಂದರು. ಅವರು ಡ್ರಮ್ ಮುಟ್ಟಿದವರೇ ಅಲ್ಲ. ಕಾಲೇಜು ದಿನಗಳಿಂದ ಕೇಳಿ ಕೇಳಿ ಆ ಖಾಲಿ ಜಾಗ ಬೆರಳಿಗೆ ಇಳಿದುಬಿಟ್ಟಿದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ಹಾಡುಗಾರರ ದನಿಯನ್ನು ನಾವು ಕಿವಿಯಿಂದ ಗುರುತಿಸುತ್ತೇವೆ. ಡ್ರಮ್ಮರ್‌ನ ಲಯ ನಮಗೆ ತಿಳಿಯದೆಯೇ ಮೈಗೆ ಹತ್ತಿರುತ್ತದೆ. ನಿಮ್ಮ ತಮ್ಮನೂ ಯಾವುದೋ ಹಾಡಿಗೆ ಕಾಲು ಕುಣಿಸುವಾಗ ಕುಣಿಸುವುದು ಚಾರ್ಲಿಯ ಎಣಿಕೆಗೇ. ಆ ಮನುಷ್ಯ ಹೋದರು ಅಂದಾಗ ಸಂಕಟ ಆಗದೆ ಇರುತ್ತಾ?

2021ರ ಆಗಸ್ಟ್ 24ರಂದು, 80ನೇ ವಯಸ್ಸಿನಲ್ಲಿ, ಚಾರ್ಲಿ ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ಕೀತ್ ರಿಚರ್ಡ್ಸ್ ಒಂದೂ ಮಾತು ಬರೆಯದೆ ಒಂದು ಫೋಟೊ ಹಾಕಿದರು. ಡ್ರಮ್ ಸೆಟ್ಟಿಗೆ ತೂಗುಹಾಕಿದ ‘ಮುಚ್ಚಿದೆ’ ಎಂಬ ಬೋರ್ಡು. ಮುಂದಿನ ತಿಂಗಳು 26ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ತಂಡದ ಪ್ರವಾಸ ಶುರುವಾದಾಗ ಮೊದಲು ವೇದಿಕೆ ಮೇಲೆ ಯಾರೂ ಬರಲಿಲ್ಲ. ಬರೀ ಡ್ರಮ್ ಶಬ್ದ, ಪರದೆ ಮೇಲೆ ಚಾರ್ಲಿಯ ಫೋಟೊಗಳು. ಆಮೇಲೆ ಅವರ ಜಾಗದಲ್ಲಿ ಸ್ಟೀವ್ ಜೋರ್ಡಾನ್ ಕೂತರು. ಚಿಕಿತ್ಸೆಯಿಂದಾಗಿ ಪ್ರವಾಸಕ್ಕೆ ಬರಲಾಗದು ಅಂತಾದಾಗ ಚಾರ್ಲಿಯೇ ಈ ಗೆಳೆಯನನ್ನು ಒಪ್ಪಿಸಿದ್ದರು. ಅಭಿಮಾನಿಗಳು ಜೋರ್ಡಾನ್ ಅವರನ್ನು ಬೇಗ ಒಪ್ಪಿಕೊಂಡದ್ದಕ್ಕೆ ಇದೂ ಕಾರಣ ಅನ್ನೋದು ನನ್ನ ಅನಿಸಿಕೆ.

2023ರಲ್ಲಿ ತಂಡದ ಹೊಸ ಆಲ್ಬಮ್ ಬಂತು. ಅದರಲ್ಲಿ ಎರಡು ಹಾಡುಗಳಿಗೆ ಚಾರ್ಲಿ 2019ರಲ್ಲಿ ಬಾರಿಸಿಟ್ಟಿದ್ದ ಡ್ರಮ್ ಇದೆ. ಒಂದರಲ್ಲಿ, ತಂಡ ಬಿಟ್ಟು ಮೂರು ದಶಕವಾಗಿದ್ದ ಬಿಲ್ ವೈಮನ್ ವಾಪಸ್ ಬಂದು ಬೇಸ್ ನುಡಿಸಿದ್ದಾರೆ. ತಮ್ಮನ ಹತ್ತಿರ ಆ ಎರಡು ಹಾಡು ಹಚ್ಚಿಸಿ ಕೇಳಿ, ಆಮೇಲೆ ಅದೇ ಆಲ್ಬಮ್‌ನಲ್ಲಿ ಜೋರ್ಡಾನ್ ಬಾರಿಸಿದ್ದನ್ನು ಕೇಳಿ. ಯಾವುದು ಯಾರದು ಅಂತ ಮೊದಲೇ ಹೇಳಬೇಡ ಅನ್ನಿ.