ಬೇಲಿಯ ಮೇಲಿನ ಕೆಂಪು ಗಂಡು, ಕೆಳಗಿನ ಮಂಕು ಹೆಣ್ಣು

ಮುಂಗಾರಿಗೆ ಮೊದಲಿನ ಮಳೆ ಬಿದ್ದ ವಾರದಲ್ಲಿ ಪ್ರತಿವರ್ಷವೂ ತಪ್ಪದೆ ಒಂದು ಪ್ರಶ್ನೆ ನನ್ನ ಬಳಿಗೆ ಬರುತ್ತದೆ. ಹಿತ್ತಲಿನ ಬೇಲಿಯ ಮೇಲೆ ಕತ್ತು ಕೆಂಪಾದ ಓತಿಕ್ಯಾತವೊಂದು ಕುಳಿತು ನಮ್ಮನ್ನೇ ನೋಡಿ ತಲೆಯಾಡಿಸುತ್ತಿದೆ, ಅದು ವಿಷದ್ದೇ, ಮಕ್ಕಳನ್ನು ಹೊರಗೆ ಬಿಡಬಹುದೇ ಎಂದು ಕೇಳುತ್ತಾರೆ. ಅದರಲ್ಲಿ ವಿಷವಿಲ್ಲ, ದೂರದಲ್ಲಿ ಕುಳಿತೇ ಮನುಷ್ಯರ ರಕ್ತ ಹೀರುತ್ತದೆ, ಹಾಗಾಗಿ ಕತ್ತು ಕೆಂಪಾಗುತ್ತದೆ ಎಂಬ ಮಾತಿಗೂ ಯಾವ ಆಧಾರವಿಲ್ಲ. ಅದು ತಲೆಯಾಡಿಸುವುದು ಸಾಮಾನ್ಯವಾಗಿ ನಿಮಗಾಗಿ ಅಲ್ಲ. ಹತ್ತು ಹದಿನೈದು ಅಡಿಯಾಚೆ, ನಿಮ್ಮ ಕಣ್ಣಿಗೆ ಬೀಳದ ಎಲೆಮರೆಯಲ್ಲಿ, ಇನ್ನೊಂದು ಓತಿ ಇರುವ ಸಾಧ್ಯತೆಯೇ ಹೆಚ್ಚು. ಆ ಎರಡನೆಯದನ್ನು ಹುಡುಕುವ ತಾಳ್ಮೆ ಇದ್ದರೆ ನಿಮ್ಮ ಹಿತ್ತಲಿನಲ್ಲಿ ಏನು ನಡೆಯುತ್ತಿದೆ ಎಂಬುದು ತಿಳಿಯತೊಡಗುತ್ತದೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಬಣ್ಣ ಬದಲಿಸುತ್ತದೆ ಎಂಬ ಕಾರಣಕ್ಕೆ ಹಲವರು ಇದನ್ನು ಗೋಸುಂಬೆ ಎನ್ನುತ್ತಾರೆ. ಗೋಸುಂಬೆ ಬೇರೆಯೇ ಪ್ರಾಣಿ. ಅದರ ಎರಡು ಕಣ್ಣುಗಳು ಬೇರೆಬೇರೆ ದಿಕ್ಕಿಗೆ ತಿರುಗುತ್ತವೆ, ಬಾಲ ಸುರುಳಿ ಸುತ್ತಿಕೊಳ್ಳುತ್ತದೆ, ನಡಿಗೆ ಬಲು ನಿಧಾನ. ನಮ್ಮ ಬೇಲಿಯ ಓತಿಕ್ಯಾತದ ಶಾಸ್ತ್ರೀಯ ಹೆಸರು ಕೆಲೋಟಿಸ್ ವರ್ಸಿಕಲರ್. ಫ್ರಾನ್ಸಿನ ದೋದಾಂ 1802ರಲ್ಲಿ ಇದನ್ನು ವಿವರಿಸಿದಾಗ ಕೊಟ್ಟ ‘ವರ್ಸಿಕಲರ್’ ಎಂಬ ಪದಕ್ಕೆ ಬಣ್ಣ ಬದಲಿಸುವುದು ಎಂದೇ ಅರ್ಥ. ಬೆನ್ನುದ್ದಕ್ಕೂ ಮುಳ್ಳಿನ ಸಾಲು, ದೇಹದ ಎರಡು ಪಟ್ಟಿಗೂ ಮೀರಿದ ತೆಳ್ಳನೆಯ ಬಾಲ, ಒರಟು ಹುರುಪೆಗಳ ಮೈ ಇದರ ಗುರುತುಗಳು. ಗೋಡೆಯ ಹಲ್ಲಿಯಂತೆ ಇದು ಅಪಾಯ ಬಂದಾಗ ಬಾಲವನ್ನು ಕಳಚಿ ಓಡುವುದಿಲ್ಲ.

ಬೇಸಿಗೆಯ ಕೊನೆಯಿಂದ ಮಳೆಗಾಲ ಮುಗಿಯುವವರೆಗೂ ಇವುಗಳ ಸಂತಾನಕಾಲ. ಆಗ ಪ್ರಾಯಕ್ಕೆ ಬಂದ ಗಂಡಿನ ತಲೆ, ಕತ್ತು, ಭುಜಗಳು ಕಿತ್ತಳೆಯಿಂದ ಕಡುಗೆಂಪಿನವರೆಗಿನ ಬಣ್ಣ ತಳೆಯುತ್ತವೆ, ಕಪೋಲಗಳು ಉಬ್ಬುತ್ತವೆ, ಗಂಟಲಿನ ಎರಡು ಪಕ್ಕಕ್ಕೂ ಕಪ್ಪು ಮಚ್ಚೆ ಮೂಡುತ್ತದೆ. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬ ಗಾದೆಯ ಅರ್ಥ ಬೇರೆಯಾದರೂ, ಅದನ್ನು ಕಟ್ಟಿದವರು ಈ ಪ್ರಾಣಿಯನ್ನು ಚೆನ್ನಾಗಿ ನೋಡಿದ್ದರು ಎಂದು ನನಗೆ ಪ್ರತಿಸಲವೂ ಅನಿಸುತ್ತದೆ. ಗಂಡು ಒಂದು ಗೂಟವನ್ನೋ ನುಗ್ಗೆಯ ಬೊಡ್ಡೆಯನ್ನೋ ಆರಿಸಿಕೊಂಡರೆ ದಿನದಿನವೂ ಅಲ್ಲಿಗೇ ಮರಳಿ ಬರುತ್ತದೆ. ಅಲ್ಲಿಂದ ಅದು ಗರಡಿಮನೆಯ ಪೈಲ್ವಾನರು ದಂಡ ಹೊಡೆಯುವಂತೆ ಮುಂಗಾಲುಗಳ ಮೇಲೆ ಮೈಯನ್ನು ಎತ್ತಿ ಇಳಿಸುತ್ತದೆ, ಗಂಟಲ ಚೀಲವನ್ನು ಹಿಗ್ಗಿಸುತ್ತದೆ. ಇನ್ನೊಂದು ಗಂಡು ಹತ್ತಿರ ಬಂದರೆ ಮೈಯನ್ನು ಪಕ್ಕದಿಂದ ಚಪ್ಪಟೆ ಮಾಡಿ ದೊಡ್ಡದಾಗಿ ತೋರಿಸಿಕೊಂಡು, ಬಾಯಿ ತೆರೆದು ಎದುರಿಗೆ ನಿಲ್ಲುತ್ತದೆ. ಬಹುಪಾಲು ಜಗಳಗಳು ಇಲ್ಲಿಗೇ ಮುಗಿಯುತ್ತವೆ. ಕಚ್ಚಾಟಕ್ಕೆ ಹೋಗುವುದು ಎರಡೂ ಸರಿಸಮವಾದಾಗ ಮಾತ್ರ. ಹಿತ್ತಲಿನಲ್ಲಿ ಒಂದನ್ನೊಂದು ಕಚ್ಚಿ ಹಿಡಿದ ಜೋಡಿಯನ್ನು ಕಂಡು ‘ಕೂಡುತ್ತಿವೆ’ ಎಂದು ಹೇಳುವವರು ಅನೇಕ ವೇಳೆ ನೋಡಿರುವುದು ಎರಡು ಗಂಡುಗಳ ಕಾದಾಟವನ್ನು.

ಹೆಣ್ಣಿನ ಮುಂದೆ ಅದೇ ಗಂಡಿನ ವರ್ತನೆ ಬದಲಾಗುತ್ತದೆ. ಮೈಬಣ್ಣ ತಿಳಿಯಾಗಿ ಮಾಸಲು ಹಳದಿಯ ಕಡೆಗೆ ತಿರುಗುತ್ತದೆ, ಅದರಿಂದಾಗಿ ಗಂಟಲಿನ ಕಪ್ಪು ಮಚ್ಚೆ ಇನ್ನಷ್ಟು ಎದ್ದು ಕಾಣುತ್ತದೆ. ಮುಂಭಾಗವನ್ನು ಎತ್ತಿ ಹಿಡಿದು, ತಲೆಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಾ, ನಡುನಡುವೆ ಬಾಯಿಯನ್ನು ತೆರೆದು ಮುಚ್ಚುತ್ತದೆ. ಬಣ್ಣವೂ ಚಲನೆಯೂ ಎದುರಿಗಿರುವವರಿಗೆ ತಕ್ಕಂತೆ ಬದಲಾಗುವ ಈ ಗುಣವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದರದೇ ಬಳಗದ, ಬಂಡೆಗಳ ಮೇಲೆ ವಾಸಿಸುವ ಓತಿಯಲ್ಲಿ ಅಳೆದು ತೋರಿಸಿದ್ದಾರೆ. ಆ ಗಂಡುಗಳು ಹೆಣ್ಣಿಗೆ ಕೆಂಪು-ಕಪ್ಪಿನ ಜೋಡಿಯನ್ನು, ಎದುರಾಳಿ ಗಂಡಿಗೆ ಹಳದಿ-ಕಿತ್ತಳೆಯ ಜೋಡಿಯನ್ನು ತೋರಿಸುತ್ತವೆ. ನಗರದಲ್ಲಿ ಬದುಕುವ ಗಂಡುಗಳ ಬಣ್ಣವು ಹಳ್ಳಿಗಾಡಿನವುಗಳಿಗಿಂತ ಮಂಕಾಗಿರುತ್ತದೆ ಎಂಬುದೂ ಅದೇ ಅಧ್ಯಯನಗಳಲ್ಲಿ ಕಂಡುಬಂದಿದೆ.

ಇಷ್ಟೆಲ್ಲ ಗಂಡಿನ ಕಥೆ. ನನ್ನ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಲ್ಲಿ ಇದು ಪುಟಗಟ್ಟಲೆ ಇರುತ್ತದೆ, ಹೆಣ್ಣಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹೆಣ್ಣು ಕಂದುಬಣ್ಣದ್ದು, ಗಂಡಿಗಿಂತ ಚಿಕ್ಕದು, ಬೆನ್ನಿನ ಇಕ್ಕೆಲದಲ್ಲಿ ಸಾಮಾನ್ಯವಾಗಿ ಎರಡು ತಿಳಿ ಗೆರೆಗಳಿರುತ್ತವೆ. ಒಣಗಿದ ಕಡ್ಡಿಯ ಮೇಲೆ ಕುಳಿತರೆ ಕಡ್ಡಿಯಂತೆಯೇ ಕಾಣುತ್ತದೆ. ಆದರೆ ಪ್ರಣಯ ಮುಂದುವರಿಯಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಅದರ ಕೈಯಲ್ಲಿದೆ. ನನ್ನ ಹಿತ್ತಲಿನ ದಾಸವಾಳದ ಬೇಲಿಯಲ್ಲಿ ನಾನು ಕಂಡ ಹೆಚ್ಚಿನ ಪ್ರಣಯ ಪ್ರಯತ್ನಗಳು ಹೆಣ್ಣು ನಾಲ್ಕು ಹೆಜ್ಜೆ ಸರಿದು ಪೊದೆಯೊಳಗೆ ಮರೆಯಾಗುವುದರೊಂದಿಗೆ ಮುಗಿದಿವೆ. ಅದು ಓಡದೆ ನಿಂತಲ್ಲೇ ನಿಂತರೆ ಗಂಡು ಬೆನ್ನೇರಿ, ಕುತ್ತಿಗೆಯ ಚರ್ಮವನ್ನು ಬಾಯಲ್ಲಿ ಹಿಡಿದು, ಬಾಲದ ಬುಡವನ್ನು ಹೆಣ್ಣಿನ ಬಾಲದ ಅಡಿಗೆ ತಿರುಚುತ್ತದೆ. ಎಲ್ಲ ಹಲ್ಲಿ, ಹಾವುಗಳಲ್ಲಿರುವಂತೆ ಇದರ ಗಂಡಿಗೂ ಬಾಲದ ಬುಡದೊಳಗೆ ಜೋಡಿ ಜನನಾಂಗಗಳಿದ್ದು, ಒಂದು ಸಲಕ್ಕೆ ಒಂದನ್ನು ಮಾತ್ರ ಬಳಸುತ್ತದೆ. ಕುತ್ತಿಗೆ ಹಿಡಿಯುವುದು ಹಿಂಸೆಯಂತೆ ಕಾಣುವುದರಿಂದ ಕೋಲು ತಂದು ಬಿಡಿಸಲು ಹೋಗುವವರುಂಟು. ದಯವಿಟ್ಟು ಹಾಗೆ ಮಾಡಬೇಡಿ.

ಕೂಡಿದ ಮೇಲೂ ಹೆಣ್ಣಿನ ಹಿಡಿತ ಸಡಿಲವಾಗುವುದಿಲ್ಲ. ಅದು ವೀರ್ಯಾಣುಗಳನ್ನು ತನ್ನ ಅಂಡನಾಳದಲ್ಲಿ ಉಳಿಸಿಕೊಂಡು ಮುಂದೆ ಬಳಸಬಲ್ಲದು, ಒಂದೇ ಹಂಗಾಮಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆಯಿಡಬಲ್ಲದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶ್ರೀನಿವಾಸ ಸೈದಾಪುರ, ಭಾಗ್ಯಶ್ರೀ ಶಾನಭಾಗ ಮತ್ತು ಅವರ ಸಂಗಡಿಗರು ಈ ಸಾಮಾನ್ಯ ಓತಿಯ ಸಂತಾನಕ್ರಿಯೆಯನ್ನು ಹಲವು ವರ್ಷ ಅಭ್ಯಸಿಸಿದರು. ಅವರ ಕೆಲಸದಿಂದ ತಿಳಿದ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಮೊಟ್ಟೆಯಿಡಲು ಹೆಣ್ಣಿಗೆ ಒದ್ದೆ ಮಣ್ಣು ಬೇಕು; ಮಳೆ ತಡವಾಗಿ ನೆಲ ಗಟ್ಟಿಯಾಗಿದ್ದರೆ ಅದು ಬಲಿತ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಹೊತ್ತು ಬಹಳ ದಿನ ಕಾಯುತ್ತದೆ. ಮಳೆ ಬಂದ ಮೇಲೆ ಮುಂಗಾಲುಗಳಿಂದ ಗುಣಿ ತೋಡಿ, 10ರಿಂದ 20ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು, ಮಣ್ಣೆಳೆದು ಮುಚ್ಚಿ, ಮೂತಿಯಿಂದ ಒತ್ತಿ ಸಮಮಾಡಿ ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ.

ಆ ಗುಣಿಯ ಜಾಗ ಇನ್ನೊಂದನ್ನೂ ತೀರ್ಮಾನಿಸುತ್ತದೆ. ಈ ಓತಿಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಮೊಟ್ಟೆಗೆ ತಗಲುವ ಶಾಖವನ್ನು ಅವಲಂಬಿಸಿದೆ ಎಂದು 2012ರಲ್ಲಿ ಲಕ್ಷ್ಮಿ ಇನಾಮದಾರ್ ದೊಡ್ಡಮನಿ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ತಂಪಿನಲ್ಲಿ ಹೆಣ್ಣು, ಸ್ವಲ್ಪ ಬೆಚ್ಚಗಾದರೆ ಗಂಡು, ಇನ್ನೂ ಏರಿದರೆ ಮತ್ತೆ ಹೆಣ್ಣು, ಅದಕ್ಕೂ ಮೇಲೇರಿದರೆ ಮತ್ತೆ ಗಂಡು. ಬೇರೆ ಸರೀಸೃಪಗಳಲ್ಲಿ ಕಾಣದಿದ್ದ ಹೊಸ ಮಾದರಿ ಇದಾಗಿರಬಹುದು ಎಂದು ಅವರು ಸೂಚಿಸಿದರು. ಕರಿಬೇವಿನ ನೆರಳಿನ ಮಣ್ಣು, ಬಿಸಿಲಿನ ಮಣ್ಣು ಎರಡೂ ಉಳಿದಿರುವ ಹಿತ್ತಲಿಗೂ, ಬಟ್ಟೆ ಒಗೆಯುವ ಕಲ್ಲಿನಿಂದ ಕಾಂಪೌಂಡಿನವರೆಗೆ ಸಿಮೆಂಟ್ ಹಾಸಿದ ಹಿತ್ತಲಿಗೂ ಇರುವ ವ್ಯತ್ಯಾಸವನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನೋಡಬಯಸುವವರಿಗೆ ಕೆಲವು ಮಾತು. ಬಿಸಿಲು ಏರತೊಡಗಿದ ಮೇಲೆ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗಿನ ಹೊತ್ತು ಒಳ್ಳೆಯದು. ಹದಿನೈದು ಅಡಿ ದೂರದಲ್ಲಿ, ನಿಮ್ಮ ನೆರಳು ಬೇಲಿಯ ಮೇಲೆ ಬೀಳದಂತೆ, ಒಂದೇ ಜಾಗದಲ್ಲಿ ಅರ್ಧ ಗಂಟೆ ಕೂರಬೇಕು. ಮೊದಲ ವರ್ಷಗಳಲ್ಲಿ ನಾನು ಚಿತ್ರ ತೆಗೆಯುವ ಆತುರದಲ್ಲಿ ಹತ್ತಿರ ಹೋಗಿ, ಹೆದರಿದ ಗಂಡಿನ ಕೆಂಪು ಕಣ್ಣೆದುರೇ ಮಾಸಿ ಕಂದಾಗುವುದನ್ನಷ್ಟೇ ನೋಡಿದೆ. ಆ ದಿನಗಳ ಟಿಪ್ಪಣಿ ಯಾವ ಕೆಲಸಕ್ಕೂ ಬರಲಿಲ್ಲ. ಗಂಡು ಯಾವ ಕಡೆಗೆ ಮುಖ ಮಾಡಿ ತಲೆಯಾಡಿಸುತ್ತಿದೆ ಎಂಬುದನ್ನು ಗುರುತಿಸಿ, ಅಲ್ಲಿಂದ ಕಣ್ಣನ್ನು ಆ ದಿಕ್ಕಿಗೆ ಹೊರಳಿಸಿ, ಹೆಣ್ಣು ಸಿಕ್ಕಿದ ಮೇಲೆ ಅದರ ಮೇಲೆಯೇ ನಿಲ್ಲಿಸಿ. ಗುಣಿ ತೋಡುವುದು ಕಂಡರೆ ಆ ಜಾಗಕ್ಕೆ ಒಂದು ಕಡ್ಡಿ ನೆಟ್ಟು, ಅಲ್ಲಿ ಗುದ್ದಲಿ ಬೀಳದಂತೆ ಮನೆಯವರಿಗೆ ಹೇಳಿಡಿ. ಮಣ್ಣಿನ ಶಾಖಕ್ಕೆ ತಕ್ಕಂತೆ ಒಂದೂವರೆಯಿಂದ ಎರಡು ತಿಂಗಳ ನಂತರ, ಬೆರಳುದ್ದದ ಮರಿಗಳು ಒಂದೊಂದಾಗಿ ಮಣ್ಣು ಸರಿಸಿ ಹೊರಬಂದು, ಯಾರೂ ಕಲಿಸದೆಯೇ ಹತ್ತಿರದ ಕಡ್ಡಿಯನ್ನು ಏರಿ ಕೂರುತ್ತವೆ.