ಮೋರಿಸ್ ಮೈನರ್‌ಗೆ ಬೆಲೆ ಕಟ್ಟುವುದು ಅಡಿಯಿಂದ

ಹಳೆಯ ಮೋರಿಸ್ ಮೈನರ್ ಕಾರು ಕೊಳ್ಳಲು ಹೊರಟವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಸ್ಟಾರ್ಟ್ ಆಗುತ್ತದೆಯೇ, ಹೊಗೆ ಉಗುಳುತ್ತದೆಯೇ, ಎಷ್ಟು ಮೈಲಿ ಓಡಿದೆ? ಇಂಗ್ಲೆಂಡಿನಲ್ಲಿ ಹಳೆಯ ಕಾರುಗಳನ್ನು ಪರೀಕ್ಷಿಸಿ ವರದಿ ಕೊಡುವುದು ನನ್ನ ಕಸುಬು. ಮೈನರ್ ವಿಷಯದಲ್ಲಿ ನಾನು ಹೇಳುವುದು ಒಂದೇ ಮಾತು: ಎಂಜಿನ್ ಕೊನೆಗಿರಲಿ, ಮೊದಲು ಕಾರಿನ ಅಡಿ ನೋಡೋಣ. ಮೈ ಗಟ್ಟಿಯಿದ್ದು ಎಂಜಿನ್ ಕೆಟ್ಟಿರುವ ಮೈನರ್ ಕೊಂಡರೆ ನಷ್ಟವಿಲ್ಲ. ಎಂಜಿನ್ ಚೆನ್ನಾಗಿದ್ದು ಅಡಿಯೆಲ್ಲ ತುಕ್ಕಾಗಿರುವ ಕಾರು ಎಷ್ಟು ಅಗ್ಗಕ್ಕೆ ಸಿಕ್ಕರೂ ದುಬಾರಿಯೇ.

ಕಾರಣ ಈ ಕಾರಿನ ಕಟ್ಟಡದಲ್ಲೇ ಇದೆ. ಅಲೆಕ್ ಇಸ್ಸಿಗೋನಿಸ್ ರೂಪಿಸಿದ ಮೈನರ್ 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು. 1971ರವರೆಗೆ ಸುಮಾರು 16 ಲಕ್ಷ ಕಾರುಗಳು ತಯಾರಾದವು. ಬ್ರಿಟನ್ನಿನಲ್ಲಿ ಹತ್ತು ಲಕ್ಷ ಮುಟ್ಟಿದ ಮೊದಲ ಕಾರು ಇದೇ. ಇದಕ್ಕೆ ಪ್ರತ್ಯೇಕ ಚಾಸಿ, ಅಂದರೆ ಮೈಯನ್ನು ಹೊರುವ ಬೇರೆ ಚೌಕಟ್ಟು ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಸಿಲ್‌ಗಳು, ಒಳಗೆ ಟೊಳ್ಳಾದ ತೊಲೆಗಳು ಸೇರಿಯೇ ಹೊರೆ ಹೊರಬೇಕು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ಆ ಟೊಳ್ಳುಗಳಿಗೆ ಇಳಿದು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರುತ್ತದೆ.

ಹಾಗಾಗಿ ಹಳೆಯ ಬಟ್ಟೆ ತೊಟ್ಟು ಹೋಗಿ, ಜೊತೆಗೆ ಟಾರ್ಚ್ ಮತ್ತು ಒಂದು ಅಯಸ್ಕಾಂತ ಒಯ್ಯಿರಿ. ಮುಂದಿನ ನೆಲದ ಕೆಳಗೆ ಅಡ್ಡಲಾಗಿ ಒಂದು ತೊಲೆ ಇದೆ. ಮೈನರ್‌ನ ಮುಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಉದ್ದನೆಯ ಟಾರ್ಷನ್ ಬಾರ್‌ಗಳು ತಿರುಚಿಕೊಂಡು ರಸ್ತೆಯ ಏಟು ತಾಳುತ್ತವೆ, ಅವುಗಳ ಹಿಂತುದಿ ಕಚ್ಚಿಕೊಂಡಿರುವುದು ಈ ತೊಲೆಗೇ. ಇದು ಕೊಳೆತಿದ್ದರೆ ಸಸ್ಪೆನ್ಷನ್ನಿಗೆ ನೆಲೆಯೇ ಇಲ್ಲ ಎಂದರ್ಥ. ಜಾಕ್ ಕೊಡುವ ಜಾಗಗಳೂ ಇದರ ತುದಿಗಳಲ್ಲೇ ಇವೆ. ಮಾರುವವರ ಅನುಮತಿ ಪಡೆದು ಅಲ್ಲಿ ಜಾಕ್ ಕೊಟ್ಟು ಎತ್ತಿಸಿ, ಬಾಗಿಲಿನ ಸಂದನ್ನು ನೋಡಿ. ಕಾರು ಮೇಲೇಳುತ್ತಿದ್ದಂತೆ ಸಂದು ಕಿರಿದಾದರೆ, ಬಾಗಿಲು ತೆರೆಯಲು ತಿಣುಕಿದರೆ ಮೈ ಬಾಗುತ್ತಿದೆ. ಅಲ್ಲಿಂದ ಹಿಂದಕ್ಕೆ ಸರಿದು, ಹಿಂದಿನ ಪಟ್ಟಿ ಸ್ಪ್ರಿಂಗ್‌ಗಳು ಮೈಗೆ ಸೇರುವ ಜಾಗಗಳನ್ನು ಬೆರಳಿನಿಂದ ಒತ್ತಿ ನೋಡಿ. ದಪ್ಪಗೆ ಬಳಿದ ಹೊಸ ಡಾಂಬರು ಲೇಪ ಕಂಡರೆ ಅದರಡಿ ಏನಿದೆ ಎಂದು ಕೇಳಲೇಬೇಕು. ತೂತಿನ ಮೇಲೆ ತೇಪೆ, ತೇಪೆಯ ಮೇಲೆ ತೇಪೆ ಬೆಸೆದ ಕಾರುಗಳನ್ನು ನಾನು ಆಗಾಗ ನೋಡುತ್ತಿರುತ್ತೇನೆ. ಅದು ದುರಸ್ತಿಯಲ್ಲ, ಕೊಳ್ಳುವವನ ಜೀವದೊಂದಿಗೆ ಆಟ.

ಚಾಲಕನ ಕಾಲಡಿಯ ಕಾರ್ಪೆಟ್ಟನ್ನೂ ಎತ್ತಿ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಕಳಿಸುವ ಬ್ರೇಕಿನ ಮಾಸ್ಟರ್ ಸಿಲಿಂಡರ್ ಅಲ್ಲೇ, ನೆಲದಡಿಯ ತೊಲೆಯೊಳಗೆ ಕುಳಿತಿದೆ. ಕೈ ಸುಲಭವಾಗಿ ಹೋಗದ ಜಾಗವಾದ್ದರಿಂದ ವರ್ಷಗಟ್ಟಲೆ ಯಾರೂ ಅದನ್ನು ಮುಟ್ಟಿರುವುದಿಲ್ಲ.

ಇನ್ನು ಟ್ರನಿಯನ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಎರಡೂ ತುದಿಗೆ ತಿರುಪಿನ ಎಳೆ ಕೊರೆದ ಒಂದು ಲಂಬ ಪಿನ್ನಿನ ಮೇಲೆ. ಆ ಎಳೆಗಳು ಮೇಲೊಂದು ಕೆಳಗೊಂದು ಇರುವ ಟ್ರನಿಯನ್ ಎಂಬ ಲೋಹದ ಕೀಲಿನೊಳಗೆ ತಿರುಗುತ್ತವೆ. ಗ್ರೀಸ್ ತಪ್ಪದೆ ಹೋಗುತ್ತಿದ್ದರೆ ದಶಕಗಳ ಕಾಲ ತೊಂದರೆಯಿಲ್ಲ. ಗ್ರೀಸ್ ಮರೆತರೆ ಎಳೆ ಸವೆದು, ಒಂದು ದಿನ ಕೆಳಗಿನ ಟ್ರನಿಯನ್‌ನಿಂದ ಪಿನ್ನು ಕಳಚಿಕೊಳ್ಳುತ್ತದೆ. ಚಕ್ರ ಮಡಚಿಕೊಂಡು ಕಾರಿನ ಮೂತಿ ನೆಲಕ್ಕೆ ಬಡಿಯುತ್ತದೆ. ಹೆಚ್ಚಿನ ಸಲ ಇದು ವಾಹನ ನಿಲ್ಲಿಸುವಾಗ, ನಿಧಾನವಾಗಿ ತಿರುಗಿಸುವಾಗ ಆಗುತ್ತದೆ. ಆದರೆ ಹಾಗೆಯೇ ಆಗಬೇಕೆಂಬ ನಿಯಮವಿಲ್ಲ. ಚಕ್ರ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಗ್ರೀಸ್ ನಿಪ್ಪಲ್‌ಗಳ ಸುತ್ತ ತಾಜಾ ಗ್ರೀಸ್ ಇದೆಯೇ, ಒಣಗಿದ ಮಣ್ಣಿದೆಯೇ ಎಂಬುದೊಂದೇ ಯಜಮಾನನ ಬಗ್ಗೆ ಬಿಲ್ಲುಗಳ ಕಟ್ಟಿಗಿಂತ ಹೆಚ್ಚು ಹೇಳುತ್ತದೆ.

ಇಷ್ಟೆಲ್ಲ ಒತ್ತಿ ಹೇಳಲು ಇನ್ನೊಂದು ಕಾರಣವಿದೆ. 2018ರ ಮೇ ತಿಂಗಳಿನಿಂದ ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ದೊಡ್ಡ ಮಾರ್ಪಾಡುಗಳಿಲ್ಲದ ಕಾರುಗಳಿಗೆ, ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಅಂದರೆ ಯಾವ ಪರೀಕ್ಷಕನೂ ಕಣ್ಣಿಡದೆ ವರ್ಷಗಳು ಕಳೆದಿರಬಹುದು. ಹಳೆಯ ತಪಾಸಣೆಗಳ ದಾಖಲೆ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ತಪ್ಪದೆ ಓದಿ. ವಿನಾಯಿತಿ ಇದ್ದರೂ ಸ್ವಇಚ್ಛೆಯಿಂದ ತಪಾಸಣೆ ಮಾಡಿಸುತ್ತಾ ಬಂದವರ ಕಾರಿಗೆ ನಾನು ಸಂತೋಷದಿಂದ ಹೆಚ್ಚು ಬೆಲೆ ಬರೆಯುತ್ತೇನೆ.

ಟ್ರಾವೆಲರ್ ಮಾದರಿಯದು ಬೇರೆಯೇ ಲೆಕ್ಕ. ಅದರ ಹಿಂಭಾಗದ ಆ್ಯಶ್ ಮರದ ಚೌಕಟ್ಟು ಅಲಂಕಾರವೆಂದು ಹಲವರು ಭಾವಿಸುತ್ತಾರೆ. ಅಲ್ಲ, ಹಿಂಬದಿ ನಿಂತಿರುವುದೇ ಅದರ ಮೇಲೆ. ಎಂಒಟಿಯಲ್ಲೂ ಮರ ಕೊಳೆತಿದ್ದರೆ ಅನುತ್ತೀರ್ಣ. ವಾರ್ನಿಷ್ ಅಡಿಯಲ್ಲಿ ಕಪ್ಪು ಕಲೆ, ಕೀಲುಗಳಲ್ಲಿ ಬಿರುಕು, ಹೆಬ್ಬೆರಳು ಒತ್ತಿದರೆ ತಗ್ಗುವ ಮೆತ್ತನೆಯ ಜಾಗ ಹುಡುಕಿ, ಅದರಲ್ಲೂ ಚಕ್ರದ ಮೇಲಿನ ಕಮಾನಿನ ಬಳಿ. ಹೊಸ ಮರ ಈಗಲೂ ಸಿದ್ಧ ರೂಪದಲ್ಲಿ ಸಿಗುತ್ತದೆ. ಜೋಡಿಸುವ ನುರಿತ ಕೈಗಳ ಕೂಲಿಯೇ ಭಾರ. ಮಡಚುವ ಚಾವಣಿಯ ಮಾದರಿ ಕೊಳ್ಳುವವರು ಚಾಸಿ ಸಂಖ್ಯೆ ಎಂದು ಕರೆಯುವ ಕಾರಿನ ಗುರುತಿನ ಸಂಖ್ಯೆಯ ಅಕ್ಷರಗಳನ್ನು ತಾಳೆ ನೋಡಬೇಕು, ಏಕೆಂದರೆ ಗಟ್ಟಿ ಚಾವಣಿಯ ಸಾಮಾನ್ಯ ಸಲೂನ್ ಕಾರಿನ ತಲೆ ಕತ್ತರಿಸಿದವೂ ಮಾರುಕಟ್ಟೆಯಲ್ಲಿವೆ. ಹಾಗೆ ಕತ್ತರಿಸಿದ್ದು ತಪ್ಪೇನಲ್ಲ. ಬಲಪಡಿಸುವ ಪಟ್ಟಿಗಳನ್ನು ಸರಿಯಾಗಿ ಬೆಸೆದಿರಬೇಕು ಮತ್ತು ಬೆಲೆ ಅದಕ್ಕೆ ತಕ್ಕಂತಿರಬೇಕು.

ಈಗ ಎಂಜಿನ್. 1952ರ ನಂತರ ಬಂದವು ಎ-ಸೀರೀಸ್: ಮೊದಲು 803 ಸಿಸಿ, 1956ರಿಂದ 948, 1962ರಿಂದ 1098. ಮಿನಿ ಕಾರಿಗೂ ಇದೇ ವಂಶದ ಎಂಜಿನ್ ಇದ್ದುದರಿಂದ ಬಿಡಿಭಾಗಕ್ಕೆ ಬರವಿಲ್ಲ. ಅಲ್ಪಸ್ವಲ್ಪ ಎಣ್ಣೆ ಜಿನುಗಿದರೆ ಗಾಬರಿ ಬೇಡ. ವೇಗ ಇಳಿಸುವಾಗ ಗೇರು ತಾನಾಗಿಯೇ ಹೊರಜಿಗಿದರೆ ಗೇರ್‌ಪೆಟ್ಟಿಗೆ ಬಿಚ್ಚಬೇಕಾಗುತ್ತದೆ, ಅಷ್ಟನ್ನು ಬೆಲೆಯಲ್ಲಿ ಕಳೆಯಿರಿ. ದಿನನಿತ್ಯ ಓಡಿಸುವವರಿಗೆ ನಾನು 1098 ಸಿಸಿಯ ಎರಡು ಬಾಗಿಲಿನ ಸಲೂನನ್ನೇ ಸೂಚಿಸುತ್ತೇನೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದ್ದರೆ ಮೂಲರೂಪ ಕೆಟ್ಟಿತೆಂದು ನಾನು ಬೆಲೆ ಇಳಿಸುವುದಿಲ್ಲ. ಇಂದಿನ ಸಂಚಾರದ ನಡುವೆ ನಿಲ್ಲಲೇಬೇಕಾದ ಕಾರು ಅದು.

ಕರ್ನಾಟಕದಿಂದಲೂ ಒಮ್ಮೊಮ್ಮೆ ಪ್ರಶ್ನೆ ಬರುತ್ತದೆ. ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಆರಂಭದಲ್ಲಿ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾರಿದ್ದು ಇದೇ ಮೈನರ್. ಉಪ್ಪು ಕಾಣದ ಬಯಲುಸೀಮೆಯ ರಸ್ತೆಗಳಲ್ಲಿ ಓಡಿ, ಒಣ ಶೆಡ್ಡಿನಲ್ಲಿ ನಿಂತಿದ್ದರೆ ಅದರ ಅಡಿ ಇಲ್ಲಿನ ಕಾರುಗಳಿಗಿಂತ ಗಟ್ಟಿಯಿರುವ ಸಾಧ್ಯತೆ ಹೆಚ್ಚು. ಕರಾವಳಿಯಲ್ಲಿ ಬಾಳಿದ್ದಾದರೆ ಇಲ್ಲಿಯಷ್ಟೇ ಎಚ್ಚರ ಬೇಕು. ಅಂಥ ಕಾರಿನಲ್ಲಿ ಕೇಳಬೇಕಾದ ಪ್ರಶ್ನೆ ಎಂಜಿನ್ನಿನದೇ: ಹಳೆಯ 918 ಸಿಸಿ ಸೈಡ್ ವಾಲ್ವ್ ಎಂಜಿನ್ ಉಳಿದಿದೆಯೇ, ತೆಗೆದು ಬೇರೆಯದನ್ನು ಕೂರಿಸಿದ್ದಾರೆಯೇ? ಆ ಹಳೆಯ ಎಂಜಿನ್ನಿಗೆ ಎ-ಸೀರೀಸ್‌ನ ಬಿಡಿಭಾಗಗಳು ಹೊಂದುವುದಿಲ್ಲ. ಹಳೆಯ ಎಂಜಿನ್ನನ್ನು ಬಿಚ್ಚಿ ಮೂಲೆಯಲ್ಲಿ ಇಟ್ಟಿದ್ದರೆ, ಓಡದ ಸ್ಥಿತಿಯಲ್ಲಿದ್ದರೂ ಸರಿ, ಕಾರಿನ ಜೊತೆಗೆ ಅದನ್ನೂ ಕೇಳಿ ಪಡೆಯಿರಿ.